ಕೆಮ್ಮಿಗೂ ಒಂದು ಕೇರಿ ಇದೆ

ಬೆಳಗಿನ ಆರೂವರೆ. ಗಿರಿನಗರದ ಒಂದು ಅಡ್ಡರಸ್ತೆ. ಎರಡೂ ಬದಿಗೆ ಕಾಂಪೌಂಡು, ಕಾಂಪೌಂಡಿನ ಒಳಗೆ ದಾಸವಾಳ, ಬಾಗಿಲ ಮುಂದೆ ಹಸಿ ರಂಗೋಲಿ. ಉದ್ದ ಕೋಲಿನ ಪೊರಕೆ ಹಿಡಿದು ಬೀದಿ ಗುಡಿಸುತ್ತಿದ್ದ ಹೆಂಗಸು ಪೊರಕೆಯ ಮೇಲೆ ಭಾರ ಹಾಕಿ ನಿಲ್ಲುತ್ತಾಳೆ. ಕೆಮ್ಮುತ್ತಾಳೆ. ಕೆಮ್ಮಿನ ಕೊನೆಗೆ ಎದೆಯೊಳಗಿಂದ ಸುಂಯ್ ಎಂದು ಒಂದು ಸಿಳ್ಳು. ಜಗುಲಿಯಲ್ಲಿ ಪೇಪರು ಓದುತ್ತಿದ್ದ ಯಜಮಾನರು ತಲೆಯೆತ್ತಿ, "ಆ ಕಡೆ ಹೋಗಿ ಕೆಮ್ಮಮ್ಮ, ಟಿ.ಬಿ. ಗೀಬಿ ಇದ್ದೀತು" ಎನ್ನುತ್ತಾರೆ. ಒಳಗಿಂದ ಯಜಮಾನಿತಿಯ ದನಿ: "ಬೀಡಿ ಸೇದ್ತಾಳೇನೋ ರೀ."

ಅದೇ ಹೊತ್ತಿಗೆ ಆ ಮನೆಯ ನಡುಕೋಣೆಯಲ್ಲಿ ಅವರ ಮೊಮ್ಮಗ ಸ್ಕೂಲಿಗೆ ಹೊರಡುವ ಮೊದಲು ಬಾಯಿಗೆ ಪಂಪು ಇಟ್ಟುಕೊಂಡು ಉಸಿರೆಳೆಯುತ್ತಾನೆ. ಅವನ ಎದೆಯಲ್ಲೂ ಅದೇ ಸಿಳ್ಳು. ಅವನದಕ್ಕೆ 'ಡಸ್ಟ್ ಅಲರ್ಜಿ' ಎಂದು ಹೆಸರು. ಅವನಿಗೊಬ್ಬ ಡಾಕ್ಟರು, ಒಂದು ಫೈಲು, ಆರು ತಿಂಗಳಿಗೊಂದು ಪರೀಕ್ಷೆ. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಆ ಎಳೆಯ ಎದೆ ಚೆನ್ನಾಗಿರಲಿ. ನನ್ನ ಸಿಟ್ಟು ಬೇರೆ. ಒಂದೇ ಬೀದಿಯ ಒಂದೇ ಧೂಳು ಒಂದೇ ಬೆಳಿಗ್ಗೆ ಎರಡು ಎದೆಗೆ ಇಳಿಯುತ್ತದೆ. ಕಾಂಪೌಂಡಿನ ಒಳಗೆ ಅದು ರೋಗ, ಹೊರಗೆ ಅದು ಚಾಳಿ. ಒಳಗೆ ಅದಕ್ಕೆ ಔಷಧಿ, ಹೊರಗೆ ಅದಕ್ಕೆ ಬೈಗುಳ.

ಆ ಹೆಂಗಸು ನನ್ನ ಚಿಕ್ಕಮ್ಮ. ಜನ್ಮದಲ್ಲಿ ಒಂದು ಬೀಡಿ ಸೇದಿದವಳಲ್ಲ.

ಕೆಮ್ಮು ಬಡವನ ಸ್ವಂತ ತಪ್ಪು ಎಂದು ಈ ದೇಶ ಯಾವತ್ತೋ ತೀರ್ಮಾನ ಮಾಡಿಬಿಟ್ಟಿದೆ. ಕುಡೀತಾನೆ, ಅದಕ್ಕೇ ಕೆಮ್ಮು. ಬೀಡಿ ಸೇದ್ತಾನೆ, ಅದಕ್ಕೇ ಕೆಮ್ಮು. ಸ್ನಾನ ಮಾಡಲ್ಲ, ಅದಕ್ಕೇ ಕೆಮ್ಮು. ಇದ್ಯಾವುದೂ ಅಲ್ಲವೆಂದರೆ ಹಿಂದಿನ ಜನ್ಮದ ಕರ್ಮ, ಅದಕ್ಕೇ ಕೆಮ್ಮು. ಪುರೋಹಿತ ಹೇಳುತ್ತಿದ್ದ ಕರ್ಮವನ್ನೇ ಈಗ ಕೋಟು ಹಾಕಿದವನು 'ಅಭ್ಯಾಸ' ಎನ್ನುತ್ತಾನೆ. ಮಾತು ಬದಲಾಯಿತು, ತೀರ್ಪು ಬದಲಾಗಲಿಲ್ಲ. ಬೀಡಿ ಕೆಟ್ಟದ್ದೇ, ಅದು ಶ್ವಾಸಕೋಶ ತಿನ್ನುತ್ತದೆ, ಬಿಡಿ ಎಂದು ನಾವೇ ನಮ್ಮವರಿಗೆ ಹೇಳಬೇಕು. ಆದರೆ ಬೀಡಿ ಸೇದದವಳ ಎದೆಯೂ ಯಾಕೆ ಸಿಳ್ಳು ಹಾಕುತ್ತದೆ ಎಂದು ಕೇಳಿದರೆ ಉತ್ತರ ಕೊಡುವವರು ಯಾರು?

ಹಾಗಾಗಿ ಮೊದಲು ನಾವೇ ತಿಳಿದುಕೊಳ್ಳೋಣ. ತಿಳಿವಳಿಕೆ ಡಾಕ್ಟರ ಚೀಟಿಯೊಳಗೆ ಬೀಗ ಹಾಕಿ ಇಡುವ ವಸ್ತುವಲ್ಲ. ಹಳ್ಳಿಯ ಮೇಷ್ಟ್ರುಗಳು ಇದನ್ನು ಕರಿಹಲಗೆಯ ಮೇಲೆ ಬರೆದು ಹೇಳಬಹುದು.

ಎದೆಯೊಳಗೆ ಗಾಳಿಯ ಕೊಳವೆಗಳಿವೆ. ಮರ ಕವಲೊಡೆದ ಹಾಗೆ ಕವಲೊಡೆದು ಸಣ್ಣಗಾಗುತ್ತಾ ಹೋಗುತ್ತವೆ. ಆ ಕೊಳವೆ ಊದಿಕೊಂಡರೆ, ಬಿಗಿದುಕೊಂಡರೆ, ಕಫ ಕಟ್ಟಿಕೊಂಡರೆ, ಹೊರಗಿಂದ ಏನಾದರೂ ಒತ್ತಿದರೆ ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ನುಗ್ಗುವಾಗ ಹೊರಡುವುದೇ ಸಿಳ್ಳು. ನಮ್ಮ ಕಡೆ ಉಬ್ಬಸ ಅಂತಾರೆ, ಗೂರಲು ಅಂತಾರೆ, ದಮ್ಮು ಅಂತಾರೆ. ನನ್ನ ಚಿಕ್ಕಮ್ಮ, "ಎದೇಲಿ ಬೆಕ್ಕು ಕೂತ್ಕಂಡು ಗುರುಗುಟ್ದಂಗೈತೆ ಕಣ್ಲಾ" ಅಂತಾಳೆ. ಪಠ್ಯಪುಸ್ತಕಕ್ಕಿಂತ ಅವಳ ಮಾತೇ ಚೆನ್ನಾಗಿದೆ.

ಇನ್ನು ಬೆಕ್ಕು ಯಾವುದು? ಅದು ಒಂದೇ ಬೆಕ್ಕಲ್ಲ.

ಮೊದಲನೆಯದು ಅಸ್ತಮಾ. ಧೂಳು, ಹೊಗೆ, ಪರಾಗ, ಬೂಷ್ಟು, ಜಿರಲೆಯ ಹಿಕ್ಕೆ, ತಣ್ಣನೆ ಗಾಳಿ, ನೆಗಡಿ ಇವುಗಳಲ್ಲಿ ಯಾವುದೋ ಒಂದು ಕೆರಳಿಸಿದರೆ ಕೊಳವೆ ಬಿಗಿಯುತ್ತದೆ. ರಾತ್ರಿ ಮತ್ತು ನಸುಕಿನಲ್ಲಿ ಜಾಸ್ತಿ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಎರಡನೆಯದು ವರ್ಷಗಟ್ಟಲೆ ಹೊಗೆ ಕುಡಿದು ಕೊಳವೆ ಶಾಶ್ವತವಾಗಿ ಕೆಡುವ ಸಿ.ಓ.ಪಿ.ಡಿ. ಇದನ್ನು ಬೀಡಿ ಸಿಗರೇಟಿನ ಕಾಯಿಲೆ ಎನ್ನುತ್ತಾರೆ. ಆದರೆ ಸೌದೆ, ಬೆರಣಿ, ತೆಂಗಿನಗರಿ ಉರಿಸಿ ಮೂವತ್ತು ನಲವತ್ತು ವರ್ಷ ಒಲೆಯ ಮುಂದೆ ಕೂತ ತಾಯಂದಿರಿಗೂ ಇದೇ ಬರುತ್ತದೆ. ಅವರು ಸೇದಿದ್ದು ಬೀಡಿಯಲ್ಲ, ನಮ್ಮೆಲ್ಲರ ಮುದ್ದೆಯ ಹೊಗೆ.

ಮೂರನೆಯದು ಕ್ಷಯ. ಎರಡು ವಾರ ಮೀರಿದ ಯಾವ ಕೆಮ್ಮಿಗೂ ಕಫ ಪರೀಕ್ಷೆ ಮಾಡಿಸಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಬಿಟ್ಟಿ, ಔಷಧಿಯೂ ಬಿಟ್ಟಿ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು, 2024ರ ನವೆಂಬರಿನಿಂದ ಅದು 1000. ಕ್ಷಯ ಬಂದವನನ್ನು ದೂರ ತಳ್ಳುವುದು ಪಾಪಿ ಕೆಲಸ. ಕ್ಷಯ ಇಲ್ಲದವಳಿಗೆ ಕ್ಷಯದ ಹಣೆಪಟ್ಟಿ ಕಟ್ಟಿ ದೂರ ತಳ್ಳುವುದು ಇನ್ನೊಂದು ಪಾಪ. ನಮಗೆ ಎರಡೂ ಗೊತ್ತು. ಮುಟ್ಟಬೇಡ ಎನ್ನುವುದಕ್ಕೆ ಈ ಸಮಾಜಕ್ಕೆ ಯಾವ ನೆಪವೂ ಸಾಕು.

ನಾಲ್ಕನೆಯದು ಹೃದಯ. ಕೇರಿಯ ಗೂಡಿನಂಥ ಮನೆಯಲ್ಲಿ ಏಳೆಂಟು ಮಂದಿ ಒತ್ತೊತ್ತಾಗಿ ಮಲಗುವ ಕಡೆ ಮಕ್ಕಳಿಗೆ ಗಂಟಲು ನೋವು ಮತ್ತೆ ಮತ್ತೆ ಬರುತ್ತದೆ. ಅದಕ್ಕೆ ಸರಿಯಾದ ಔಷಧಿ ಸಿಗದಿದ್ದರೆ ಕೀಲುವಾತದ ಜ್ವರ ಬಂದು ಹೃದಯದ ಕವಾಟ ಕೆಡಬಹುದು. ಮುಂದೆ ಶ್ವಾಸಕೋಶದಲ್ಲಿ ನೀರು ಕಟ್ಟಿ, ಮಲಗಿದರೆ ಉಸಿರು ಸಿಗದೆ ಕೆಮ್ಮು ಬರುತ್ತದೆ, ಸಿಳ್ಳೂ ಕೇಳುತ್ತದೆ. ಇದಕ್ಕೆ ಅಸ್ತಮಾದ ಔಷಧಿ ಕೊಟ್ಟರೆ ಏನೂ ಆಗದು.

ಇನ್ನೂ ಇವೆ. ಕೂಸುಗಳಿಗೆ ವೈರಸ್ಸಿನಿಂದ ಸಣ್ಣ ಕೊಳವೆ ಊದಿಕೊಳ್ಳುವುದು. ಆಡುತ್ತಿದ್ದ ಮಗು ಇದ್ದಕ್ಕಿದ್ದಂತೆ ಕೆಮ್ಮಿ ಸಿಳ್ಳು ಹಾಕಿದರೆ ಕಡಲೆಬೀಜವೋ ಹುಣಸೆಬೀಜವೋ ಶ್ವಾಸನಾಳಕ್ಕೆ ಇಳಿದಿರಬಹುದು. ಅಲ್ಲಿ ಸಿರಪ್ಪು ಕುಡಿಸುತ್ತಾ ಕೂತರೆ ಮಗು ಉಳಿಯದು. ಹೊಟ್ಟೆಯ ಹುಳಿ ಮೇಲೆ ಬಂದು ರಾತ್ರಿ ಕೆಮ್ಮು ಬರುವುದುಂಟು. ಆನೆಕಾಲಿನ ಹುಳ, ಜಂತುಹುಳ ಶ್ವಾಸಕೋಶ ಕೆರಳಿಸುವುದುಂಟು. ಕೆಲವರಿಗೆ ನೋವಿನ ಮಾತ್ರೆಯಿಂದ, ಬಿ.ಪಿ.ಯ ಕೆಲವು ಮಾತ್ರೆಗಳಿಂದಲೂ ಎದೆ ಬಿಗಿಯುತ್ತದೆ. ಕೊನೆಗೆ ಕಲ್ಲಿನ ಧೂಳು, ಹತ್ತಿಯ ಧೂಳು, ರಾಸಾಯನಿಕದ ಹೊಗೆ. ಅಂದರೆ ದುಡಿಮೆಯೇ ಕೊಡುವ ಕೆಮ್ಮು.

ಇಷ್ಟು ಕಾರಣಗಳಿರುವಾಗ ನಮ್ಮವರಿಗೆ ಸಿಗುವ ಚಿಕಿತ್ಸೆ ಎಷ್ಟು ಬಗೆಯದು? ಒಂದೇ ಬಗೆಯದು. ಸೊಂಟಕ್ಕೊಂದು ಇಂಜೆಕ್ಷನ್ನು, ಒಂದು ಬಾಟಲಿ ಕೆಂಪು ಸಿರಪ್ಪು, ಪೇಪರಿನಲ್ಲಿ ಸುತ್ತಿದ ಹೆಸರಿಲ್ಲದ ಮಾತ್ರೆ.

ಚಿಕ್ಕಮ್ಮ ಹತ್ತು ವರ್ಷ ಒಂದು ಸಣ್ಣ ಕ್ಲಿನಿಕ್ಕಿಗೆ ಹೋದಳು. ಒಂದು ದಿನದ ಕೂಲಿಯಲ್ಲಿ ಅರ್ಧ ಅಲ್ಲಿಗೇ ಹೋಗುತ್ತಿತ್ತು. ಡಾಕ್ಟರು ಮೇಜಿನ ಆ ಕಡೆಯಿಂದಲೇ ನೋಡಿ ಬರೆದುಕೊಡುತ್ತಿದ್ದರು. ಸ್ಟೆತಾಸ್ಕೋಪು ಅವರ ಕೊರಳಲ್ಲೇ ಇರುತ್ತಿತ್ತು, ಅವಳ ಬೆನ್ನಿಗೆ ಬಂದದ್ದು ಅಪರೂಪ. ಹೆಸರಿಲ್ಲದ ಬಿಳಿ ಮಾತ್ರೆ ನುಂಗಿದ ದಿನ ಎದೆ ಹಗುರ. ಬಿಟ್ಟರೆ ಮತ್ತೆ ಬೆಕ್ಕು. ಕ್ರಮೇಣ ಮುಖ ಊದಿತು, ಸಕ್ಕರೆ ಬಂತು. ಅದು ಸ್ಟಿರಾಯ್ಡು ಮಾತ್ರೆ ಎಂದು ನಮಗೆ ತಿಳಿದದ್ದು ಹತ್ತು ವರ್ಷದ ಮೇಲೆ. ಇನ್ಯಾರೋ ಹೇಳಿದರೆಂದು ಮೃಗಶಿರಾ ಮಳೆಯ ಹೊತ್ತಿಗೆ ರೈಲು ಹತ್ತಿ ಹೈದರಾಬಾದಿಗೆ ಹೋಗಿ ಜೀವಂತ ಮೀನೂ ನುಂಗಿ ಬಂದಳು. ನಗಬೇಡಿ ಗೆಳೆಯರೇ. ವರ್ಷಾ ವರ್ಷಾ ಜೂನ್ ತಿಂಗಳಲ್ಲಿ ಸಾವಿರಾರು ಮಂದಿ ಹಾಗೆ ಹೋಗುತ್ತಾರೆ. ಮೀನು ನುಂಗಿದರೆ ಅಸ್ತಮಾ ವಾಸಿಯಾಗುತ್ತದೆಂಬುದಕ್ಕೆ ಯಾವ ಪುರಾವೆಯೂ ಇಲ್ಲ. ಆದರೆ ಅವರನ್ನು ಅಲ್ಲಿಗೆ ಕಳಿಸಿದ್ದು ಬರೀ ಮೂಢನಂಬಿಕೆಯಲ್ಲ, ಇಲ್ಲಿ ಯಾರೂ ಎದೆಗೆ ಕಿವಿ ಕೊಡದಿದ್ದುದು.

ಕೊನೆಗೊಂದು ದಿನ ರಸ್ತೆಯಲ್ಲೇ ಕುಸಿದಾಗ ಸರ್ಕಾರಿ ಆಸ್ಪತ್ರೆಗೆ ಒಯ್ದೆವು. ಅಲ್ಲೊಬ್ಬಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮೊದಲು ಕಫ ಕಳಿಸಿದಳು. ಕ್ಷಯ ಇರಲಿಲ್ಲ. ಆಮೇಲೆ ಕೊಳವೆಯೊಳಗೆ ಊದಿಸಿದಳು, ಪಂಪು ಕೊಟ್ಟು ಮತ್ತೆ ಊದಿಸಿದಳು. ಎರಡು ಲೆಕ್ಕ ಹೋಲಿಸಿ ನೋಡಿದಳು. ನಂತರ ಹತ್ತು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಕೇಳಿದಳು: "ಏನು ಕೆಲಸ ಮಾಡ್ತೀರಮ್ಮ?"

"ರೋಡ್ ಗುಡಿಸ್ತೀನವ್ವ."

"ಊರಿಗೆ ಹೋಗಿ ನಾಲ್ಕು ದಿನ ಇದ್ದರೆ ಹೇಗಿರುತ್ತೆ?"

"ಅಲ್ಲಿ ಎದೆ ಹಗೂರ ಆಯ್ತದೆ. ವಾಪಸ್ ಬಂದು ಪೊರಕೆ ಇಡಿದ್ರೆ ಮತ್ತೆ ಸುರು."

ಅಷ್ಟೇ. ರೋಗದ ಗುಟ್ಟು ಎರಡು ಪ್ರಶ್ನೆಯಲ್ಲಿತ್ತು.

ಈ ಪ್ರಶ್ನೆ ಹೊಸದೇನಲ್ಲ. ಇಟಲಿಯ ಮೊಡೇನಾ ಊರಿನ ಬರ್ನಾರ್ಡಿನೋ ರಮಜ್ಜಿನಿ ಎಂಬ ವೈದ್ಯ 1700ರಲ್ಲಿ ದುಡಿಯುವವರ ಕಾಯಿಲೆಗಳ ಮೇಲೆ ಒಂದು ಪುಸ್ತಕ ಬರೆದ. ವೈದ್ಯರು ರೋಗಿಯನ್ನು ಕೇಳುವ ಪ್ರಶ್ನೆಗಳ ಜೊತೆಗೆ 'ನಿನ್ನ ಕೆಲಸ ಏನು' ಎಂಬುದನ್ನೂ ಸೇರಿಸಿಕೊಳ್ಳಿ ಎಂದು ಹೇಳಿದ. ಅವನಿಗೆ ಈ ವಿಚಾರ ಹೊಳೆದದ್ದು ಎಲ್ಲಿ ಗೊತ್ತೆ? ತನ್ನ ಮನೆಯ ಮಲದ ಗುಂಡಿ ಬಳಿಯುತ್ತಿದ್ದ ಕೂಲಿಯವನ ಕಷ್ಟ ನೋಡಿ, ಅವನನ್ನು ಮಾತಾಡಿಸಿ. ಮುನ್ನೂರಿಪ್ಪತ್ತೈದು ವರ್ಷ ಆಯಿತು. ನಮ್ಮ ಸಾವಿರಾರು ಕ್ಲಿನಿಕ್ಕುಗಳಿಗೆ ಆ ಪ್ರಶ್ನೆ ಇನ್ನೂ ಬಂದು ತಲುಪಿಲ್ಲ. ಇಲ್ಲಿ ಜಾತಿಯನ್ನು ಕೇಳದೆಯೇ ತಿಳಿದುಕೊಳ್ಳುತ್ತಾರೆ. ಕೇಳಿ ತಿಳಿಯಬೇಕಾದ ಕೆಲಸವನ್ನು ಮಾತ್ರ ಕೇಳುವುದಿಲ್ಲ. ಯಾಕೆಂದರೆ ನಮ್ಮ ದೇಶದಲ್ಲಿ ಎರಡೂ ಒಂದೇ. ಜಾತಿ ತಿಳಿದರೆ ಕೆಲಸ ತಿಳಿದ ಹಾಗೆ. ತಿಳಿದ ಮೇಲೆ ಕೇಳುವುದೇನು, ಮುಟ್ಟುವುದೇನು?

ಕೋಲಾರದ ಚಿನ್ನದ ಗಣಿಯನ್ನು ನೆನೆಯಿರಿ. 1880ರ ದಶಕದಲ್ಲಿ ಇಂಗ್ಲೆಂಡಿನ ಜಾನ್ ಟೇಲರ್ ಕಂಪನಿ ಶುರುಮಾಡಿದ ಗಣಿ. ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳ ಇಳಿದು ಬಂಡೆ ಒಡೆದವರಲ್ಲಿ ಹೆಚ್ಚಿನವರು ಊರು ಬಿಟ್ಟು ಬಂದ ದಲಿತರು. ಬಂಡೆಯ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತು ಗಾಯವಾಗಿ, ಗಾಯ ಗಂಟಾಗಿ, ಕೆಮ್ಮು, ಏದುಸಿರು ಹತ್ತಿ ಸತ್ತರು. ಅದರ ಹೆಸರು ಸಿಲಿಕೋಸಿಸ್. ಆ ಧೂಳು ಕೂತ ಎದೆಗೆ ಕ್ಷಯ ಸುಲಭವಾಗಿ ಹತ್ತುತ್ತದೆ. ಮೈಸೂರು ಸಂಸ್ಥಾನ 1940ರಲ್ಲೇ ಸಿಲಿಕೋಸಿಸ್ ನಿಯಮ ಮಾಡಬೇಕಾಯಿತು. 1940ರ ದಶಕದಲ್ಲಿ ಗಣಿಯ ಡಾಕ್ಟರುಗಳು ಏಳು ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಮೀರಿ ಈ ರೋಗ ಇತ್ತು. ಚಿನ್ನ ಲಂಡನ್ನಿಗೆ ಹೋಯಿತು, ಧೂಳು ಎದೆಯಲ್ಲಿ ಉಳಿಯಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸೈನೈಡ್ ದಿಬ್ಬ ಮುಚ್ಚಲಿಲ್ಲ. ಮೂರು ಕೋಟಿ ಟನ್ನಿಗೂ ಮೀರಿದ ಗಣಿಕಸದ ಆ ದಿಬ್ಬಗಳಿಂದ ಗಾಳಿಕಾಲದಲ್ಲಿ ಧೂಳೆದ್ದು ಲೈನುಮನೆಗಳ ಮೇಲೆ ಬೀಳುತ್ತದೆ.

1948ರ ಕಾರ್ಖಾನೆ ಕಾಯ್ದೆ ಸಿಲಿಕೋಸಿಸ್ಸನ್ನೂ ಹತ್ತಿ ಧೂಳಿನ ಬಿಸಿನೋಸಿಸ್ಸನ್ನೂ ಸರ್ಕಾರಕ್ಕೆ ವರದಿ ಮಾಡಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ಆದರೆ ಬೀದಿ ಕಾರ್ಖಾನೆಯಲ್ಲವಲ್ಲ! ಗೋಡೆ ಇಲ್ಲ, ಗೇಟಿಲ್ಲ, ಸೈರನ್ನಿಲ್ಲ. ಮೈಸೂರು ರಸ್ತೆಯ ಲಾರಿ ಬಸ್ಸುಗಳ ಹೊಗೆ, ನಾಯಂಡಹಳ್ಳಿಯ ಸಂದಣಿ, ಹೊರವರ್ತುಲ ರಸ್ತೆಯ ಟಯರಿನ ಪುಡಿ, ಕಟ್ಟಡ ಕಟ್ಟುವವರ ಸಿಮೆಂಟು, ಎಂ ಸ್ಯಾಂಡಿನ ಧೂಳು, ಮೂಲೆಯಲ್ಲಿ ಸುಟ್ಟ ಪ್ಲಾಸ್ಟಿಕ್ಕು, ಬಸವನಗುಡಿಯ ಬಸವನ ಪಾದದಡಿ ಹುಟ್ಟಿತೆಂದು ಹೇಳುವ ವೃಷಭಾವತಿಯ ಕೊಳಚೆ ನಾತ. ಇಷ್ಟೆಲ್ಲ ಒಂದೇ ಕಡೆ ಸಿಗುವ ಕಾರ್ಖಾನೆ ಇನ್ನೆಲ್ಲಿದೆ? ಅದರ ಕಾರ್ಮಿಕಳೇ ನನ್ನ ಚಿಕ್ಕಮ್ಮ. ಅವಳ ಕೈಗೆ ಕೊಟ್ಟ ರಕ್ಷಣೆ ಒಂದು ತುಂಡು ಬಟ್ಟೆಯ ಮಾಸ್ಕು. ಕಣ್ಣಿಗೆ ಕಾಣುವ ಧೂಳನ್ನು ಅದು ಒಂದಿಷ್ಟು ತಡೆದೀತು. ಎದೆಯ ಆಳಕ್ಕೆ ಇಳಿಯುವುದು ಕಣ್ಣಿಗೆ ಕಾಣದ ಧೂಳು. ಅದು ಬಟ್ಟೆಯ ಎಳೆಯ ನಡುವೆ ನುಸುಳಿ ಹೋಗುತ್ತದೆ.

ಈಗ ಕೆಲವರು ಹೇಳುತ್ತಾರೆ: "ಗಾಳಿಗೆ ಜಾತಿಯಿಲ್ಲ, ಬೆಂಗಳೂರಿನ ಹವಾ ಎಲ್ಲರಿಗೂ ಕೆಟ್ಟಿದೆ, ಇದರಲ್ಲೂ ಯಾಕಪ್ಪ ನಿಮ್ಮ ದಲಿತ ಬಂಡಾಯ?" ಕೆಟ್ಟಿರುವುದು ನಿಜ. ಜಗತ್ತಿನ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ, ವರ್ಷದ ಸರಾಸರಿಯಲ್ಲಿ ಘನ ಮೀಟರ್ ಗಾಳಿಗೆ 5 ಮೈಕ್ರೋಗ್ರಾಂ ಸೂಕ್ಷ್ಮ ಧೂಳು. ನಮ್ಮ ಸರ್ಕಾರ 2009ರಲ್ಲಿ ಇಟ್ಟುಕೊಂಡ ಮಿತಿ 40. ಅಂದರೆ ನಮ್ಮ ಎದೆಗೆ ಎಂಟು ಪಟ್ಟು ಧೂಳು ಕಾನೂನುಬದ್ಧ! ಆದರೆ ಗಾಳಿಗೆ ಜಾತಿಯಿಲ್ಲ ಎನ್ನುವವರು ಮಕ್ಕಳ ಡಾಕ್ಟರ್ ಎಚ್. ಪರಮೇಶ್ ಬೆಂಗಳೂರಿನಲ್ಲಿ ಮಾಡಿದ ಲೆಕ್ಕ ನೋಡಲಿ. ಅವರ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ 1979ರಲ್ಲಿ ನೂರಕ್ಕೆ 9 ಮಂದಿಗೆ ಅಸ್ತಮಾ ಇತ್ತು, 1999ರಲ್ಲಿ 29.5 ಮಂದಿಗೆ. ಆಸ್ಪತ್ರೆಗೆ ಬಂದವರ ಲೆಕ್ಕ ಅದು, ಇಡೀ ಊರಿನದಲ್ಲ, ಇರಲಿ. ಅವರು ಶಾಲೆಗಳಿಗೂ ಹೋಗಿ ನೋಡಿದರು. ವಾಹನ ಕಡಿಮೆ ಓಡಾಡುವ ಕಡೆಯ ಶಾಲೆಯಲ್ಲಿ ನೂರಕ್ಕೆ 11.15. ವಾಹನ ದಟ್ಟವಾಗಿರುವ ಕಡೆ 19.34. ಅದೇ ದಟ್ಟ ವಾಹನದ ನಡುವೆ ಬಡವರ ಮಕ್ಕಳು ಓದುವ ಶಾಲೆಯಲ್ಲಿ 31.14.

ಓದಿದಿರಾ? ವಾಹನದ ಹೊಗೆ ಸಮನಾಗಿತ್ತು. ಬಡತನ ಸೇರಿದಾಗ ಹನ್ನೊಂದೂಮುಕ್ಕಾಲು ಹೆಚ್ಚು. ಆ ಬಡತನದ ಒಳಗೆ ಏನಿದೆ ಎಂದು ನಮಗೆ ಯಾವ ಸಮೀಕ್ಷೆಯೂ ಹೇಳಬೇಕಾಗಿಲ್ಲ. ಹತ್ತಡಿ ಹತ್ತಡಿಯ ಕೋಣೆ, ಕಿಟಕಿ ಇಲ್ಲ. ಅಲ್ಲೇ ಅಡುಗೆ, ಅಲ್ಲೇ ಹಾಸಿಗೆ. ಮಳೆಗಾಲದಲ್ಲಿ ಗೋಡೆಗೆ ಬೂಷ್ಟು. ಮೋರಿಯಿಂದ ಜಿರಲೆ. ಮೋರಿಯ ಸೊಳ್ಳೆಗೆ ಹೆದರಿ ಬಾಗಿಲು ಹಾಕಿ ಸೊಳ್ಳೆಬತ್ತಿ ಹಚ್ಚುತ್ತಾರೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದು ಸೊಳ್ಳೆಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟು ಸುಟ್ಟಷ್ಟು ಸೂಕ್ಷ್ಮ ಧೂಳು ಹೊರಡುತ್ತದೆಂದು ಅಳೆದರು. ತೊಟ್ಟಿಲಲ್ಲಿರುವ ಕೂಸು ರಾತ್ರಿಯಿಡೀ ಅದನ್ನು ಸೇದುತ್ತದೆ. ಆ ಕೂಸಿಗೂ ಹೇಳುತ್ತೀರಾ, ಬೀಡಿ ಬಿಡು ಎಂದು? ಮನೆಯಲ್ಲಿ ಕೂತು ಊದುಬತ್ತಿ ಹೊಸೆಯುವ ತಾಯಿಯ ಸುತ್ತ ಇದ್ದಿಲ ಪುಡಿ. ಆ ಊದುಬತ್ತಿ ಹೊಗೆಯಾಡುವುದು ಅವಳನ್ನು ಒಳಗೆ ಬಿಡದ ಗರ್ಭಗುಡಿಯಲ್ಲಿ.

ಹಾಗೆಂದು ನಾವು ಗೆದ್ದದ್ದನ್ನು ಮರೆಯಬಾರದು. ಎಪ್ಪತ್ತರ ದಶಕದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಮಲದ ಬುಟ್ಟಿ ತಲೆಯ ಮೇಲಿಂದ ಇಳಿಯಲೇಬೇಕೆಂದರು. ಬುಟ್ಟಿ ಇಳಿಯಿತು. ಐ.ಪಿ.ಡಿ. ಸಾಲಪ್ಪನವರ ಸಮಿತಿ 1976ರಲ್ಲಿ ಪೌರಕಾರ್ಮಿಕರ ಬದುಕು ಹೇಗಿರಬೇಕೆಂದು ವರದಿ ಕೊಟ್ಟಿತು. ಬೀದಿ ಗುಡಿಸುವವರಿಗೆ ಗುತ್ತಿಗೆದಾರನ ಕೈ ತಪ್ಪಿ ನೇರ ಸಂಬಳ ಬರಲು ಮತ್ತೆ ನಲವತ್ತು ವರ್ಷ ಬೇಕಾಯಿತು. 2022ರ ಜುಲೈನಲ್ಲಿ ನಮ್ಮ ಹೆಂಗಸರು ಪೊರಕೆ ಕೆಳಗಿಟ್ಟು ನಾಲ್ಕು ದಿನ ಕೂತಾಗ ಈ ಊರಿಗೆ ತನ್ನ ಕಸ ಕಂಡಿತು. 2025ರ ಮೇ 1ರಂದು ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕದ ಪತ್ರ ಸಿಕ್ಕಿತು. ಇದು ದಾನವಲ್ಲ, ಹೋರಾಟದ ಫಲ. ಆದರೆ ಗೆಳೆಯರೇ, ತಲೆಯ ಮೇಲಿನ ಬುಟ್ಟಿ ಇಳಿಯಿತು, ಎದೆಯೊಳಗಿನ ಬುಟ್ಟಿ ಇಳಿದಿಲ್ಲ. ಕೆಲಸ ಕಾಯಂ ಆಯಿತು, ಕೆಮ್ಮೂ ಕಾಯಂ ಆಯಿತು. ಪತ್ರ ಕೈಗೆ ಬರುವ ಹೊತ್ತಿಗೆ ಎದೆ ಮುಗಿದುಹೋದವರು ಎಷ್ಟು ಮಂದಿ?

ಔಷಧಿ ಇಲ್ಲದ ರೋಗವಾದರೆ ಹಣೆಬರಹ ಅನ್ನಬಹುದಿತ್ತು. ಹಾಗಿಲ್ಲ. ಅಸ್ತಮಾಕ್ಕೆ ಪಂಪು ಇದೆ. ಕೊಳವೆಯ ಊತ ಇಳಿಸುವ ಔಷಧಿಯನ್ನು ದಿನಾ ಪಂಪಿನಲ್ಲಿ ಎಳೆದುಕೊಂಡರೆ ಹೆಚ್ಚಿನವರು ನೆಟ್ಟಗೆ ದುಡಿದು ಬದುಕಬಹುದು. ಪಂಪಿನ ಔಷಧಿ ನೇರ ಎದೆಗೆ ಹೋಗುವುದರಿಂದ ಬಹಳ ಕಡಿಮೆ ಪ್ರಮಾಣ ಸಾಕು. ಅದೇ ಜಾತಿಯ ಔಷಧಿಯನ್ನು ವರ್ಷಗಟ್ಟಲೆ ಮಾತ್ರೆಯಾಗಿ ನುಂಗಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಏರುತ್ತದೆ. ಆದರೂ ಕೇರಿಯಲ್ಲಿ, "ಪಂಪು ಹಿಡಿದರೆ ಬಿಡಂಗಿಲ್ಲ, ಚಟ ಆಯ್ತದೆ, ಅದು ಕೊನೇ ಔಷಧಿ" ಎಂಬ ಸುಳ್ಳು ಓಡಾಡುತ್ತಿದೆ. ಪಂಪು ಚಟವಲ್ಲ, ಕೊನೆಯದೂ ಅಲ್ಲ. ಮೊದಲನೆಯದು. ಈ ಸುಳ್ಳನ್ನು ಒಡೆಯುವುದೂ ಚಳವಳಿಯ ಕೆಲಸವೇ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ನೂರಕ್ಕೆ ಸುಮಾರು 13 ಮಂದಿ ನಮ್ಮ ದೇಶದವರು. ಅಸ್ತಮಾದಿಂದ ಸಾಯುವವರಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಮಂದಿ ನಮ್ಮವರು. ನಡುವಿನ ಈ ಅಂತರ ರೋಗದ್ದಲ್ಲ. ಪಂಪು ಮುಟ್ಟದ ಕೈಗಳದ್ದು.

ಆದ್ದರಿಂದ ನಾವು ಕೇಳುವುದು ಇಷ್ಟು. ಪ್ರತಿ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಪಂಪಿನ ಔಷಧಿ ಬಿಟ್ಟಿಯಾಗಿ, ತಿಂಗಳು ತಪ್ಪದೆ ಸಿಗಬೇಕು. ಪೌರಕಾರ್ಮಿಕರು, ಕಲ್ಲು ಒಡೆಯುವವರು, ಗಾರೆ ಕೆಲಸದವರು, ಊದುಬತ್ತಿ ಹೊಸೆಯುವವರು ಎಲ್ಲರಿಗೂ ವರ್ಷಕ್ಕೊಮ್ಮೆ ಊದಿಸಿ ಎದೆಯ ಪರೀಕ್ಷೆ ಆಗಬೇಕು, ಅದರ ಚೀಟಿ ಅವರ ಕೈಯಲ್ಲಿರಬೇಕು. ಬಟ್ಟೆ ತುಂಡಲ್ಲ, ಸೂಕ್ಷ್ಮ ಧೂಳು ತಡೆಯುವ ಮಾಸ್ಕು ಬೇಕು. ಗುಡಿಸುವ ಮುಂಚೆ ನೀರು ಚಿಮುಕಿಸಬೇಕು, ದೊಡ್ಡ ರಸ್ತೆಗಳನ್ನು ಯಂತ್ರವೇ ಗುಡಿಸಬೇಕು, ಆ ನೆಪದಲ್ಲಿ ಒಬ್ಬರ ಕೆಲಸವೂ ಹೋಗಬಾರದು. ಕಸ ಸುಟ್ಟರೆ 5000 ರೂಪಾಯಿ ದಂಡವೆಂದು 2016ರಲ್ಲೇ ಹಸಿರು ನ್ಯಾಯಮಂಡಳಿ ಹೇಳಿದೆ. ಆ ದಂಡ ಸುಡಿಸಿದ ಮೇಲಿನವರ ಜೇಬಿಗೆ ಬೀಳಲಿ, ಕಡ್ಡಿ ಗೀರಿದ ಕೂಲಿಯವಳ ಜೇಬಿಗಲ್ಲ. ಬೀದಿಯ ಧೂಳಿನಿಂದ ಬಂದ ಉಬ್ಬಸವನ್ನು ದುಡಿಮೆಯ ರೋಗವೆಂದು ಒಪ್ಪಿ ಪರಿಹಾರ ಕೊಡಬೇಕು. ಮತ್ತು ಪ್ರತಿ ವೈದ್ಯನ ಮೇಜಿನ ಮೇಲಿರುವ ಚೀಟಿಯಲ್ಲಿ ಹೆಸರು, ವಯಸ್ಸಿನ ಕೆಳಗೆ ಒಂದು ಸಾಲು ಇರಬೇಕು: ಏನು ಕೆಲಸ?

ಅಲ್ಲಿಯವರೆಗೆ ಕಾದು ಕೂರಬೇಡಿ. ವಿದ್ಯಾರ್ಥಿಗಳೇ, ನಿಮ್ಮ ಅವ್ವ ಅಪ್ಪನ ಎದೆಗೆ ಕಿವಿಯಿಟ್ಟು ಕೇಳಿ. ಎರಡು ವಾರ ಮೀರಿದ ಕೆಮ್ಮಿದ್ದರೆ ಕೈಹಿಡಿದು ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಿರಿ. ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರಿದ್ದರೆ, ತುಟಿ ನೀಲಿಗಟ್ಟಿದರೆ ಒಂದು ಗಳಿಗೆಯೂ ತಡಮಾಡಬೇಡಿ. ಮಾತ್ರೆಯ ಹೆಸರು ಬರೆದುಕೊಡಿ ಎಂದು ಕೇಳಿ. ಡಾಕ್ಟರು ಕೇಳದಿದ್ದರೆ ನೀವೇ ಹೇಳಿ, "ಇವರು ರೋಡ್ ಗುಡಿಸ್ತಾರೆ" ಎಂದು. ತಲೆತಗ್ಗಿಸದೆ ಹೇಳಿ. ಮೇಷ್ಟ್ರುಗಳೇ, ಕೆಮ್ಮುವ ಹುಡುಗನನ್ನು ಕೊನೆಯ ಬೆಂಚಿಗೆ ಕಳಿಸಬೇಡಿ, ಅವನ ಮನೆಯ ಒಲೆ ಯಾವುದು, ಕಿಟಕಿ ಎಷ್ಟು ಎಂದು ಕೇಳಿ.

ಚಿಕ್ಕಮ್ಮ ಈಗ ಸೊಂಟದ ಚೀಲದಲ್ಲಿ ಎಲೆ ಅಡಿಕೆಯ ಜೊತೆ ಪಂಪು ಇಟ್ಟುಕೊಂಡು ಕೆಲಸಕ್ಕೆ ಹೋಗುತ್ತಾಳೆ. ವರ್ಷಗಳ ಧೂಳು ಕೆಡಿಸಿದ್ದು ಪೂರ್ತಿ ವಾಪಸು ಬರಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾಳೆ. ಆದರೂ ರಾತ್ರಿ ನಿದ್ದೆ ಬರುತ್ತಿದೆ. ಹೋದ ವಾರ ಅದೇ ಅಡ್ಡರಸ್ತೆಯಲ್ಲಿ ನಿಂತು ಪಂಪು ಎಳೆದುಕೊಳ್ಳುವಾಗ ಜಗುಲಿಯ ಯಜಮಾನರು ನೋಡಿದರಂತೆ. "ನಮ್ಮ ಹುಡುಗಂದೂ ಇದೇ ಪಂಪು ಕಣಮ್ಮ" ಎಂದರಂತೆ. ಅವಳು ಸುಮ್ಮನಿರಲಿಲ್ಲ.

"ನಿಮ್ಮ ಹುಡುಗಂದೂ ಇದೇ ಧೂಳು ಸಾಮಿ. ನಾನು ಗುಡಿಸೋದು ನಿಲ್ಸುದ್ರೆ ತಿಳೀತದೆ."